ಹಮ್ಮಿಂಗ್‌ಬರ್ಡ್ ಫೀಡರ್: ಬಾಟ್ಲಿನಾ, ತಟ್ಟೆನಾ, ಕಿಟಕಿಗೆ ಅಂಟಿಸೋದಾ?

ಏಪ್ರಿಲ್ ಬಂತು ಅಂದ್ರೆ ಅಮೆರಿಕದಲ್ಲಿರೋ ನಮ್ಮ ಕನ್ನಡದವರ ವಾಟ್ಸಪ್ ಗ್ರೂಪುಗಳಲ್ಲಿ ಟೊಮ್ಯಾಟೊ ಸಸಿ, ಕರಿಬೇವಿನ ಗಿಡದ ಜೊತೆಗೆ ಈ ಪ್ರಶ್ನೆನೂ ಬಂದೇ ಬರುತ್ತೆ, ಹಮ್ಮಿಂಗ್‌ಬರ್ಡ್‌ಗೆ, ಅಂದ್ರೆ ಮಕರಂದ ಕುಡಿಯೋ ಆ ಪುಟ್ಟ ಹಕ್ಕಿಗೆ, ಸಕ್ಕರೆ ನೀರು ಇಡೋಕೆ ಯಾವ ಫೀಡರ್ ತಗೊಳ್ಲಿ ಅಂತ. ಅಂಗಡಿಗೆ ಹೋದ್ರೆ ತಲೆ ಕೆಡುತ್ತೆ, ಹತ್ತು ಡಾಲರಿನ ಪ್ಲಾಸ್ಟಿಕ್ಕಿಂದ ಹಿಡಿದು ನೂರಾರು ಡಾಲರಿನ ಕ್ಯಾಮೆರಾ ಇರೋದರ ತನಕ ಸಾಲಾಗಿ ನೇತಾಕಿರ್ತಾರೆ, ಎಲ್ಲಾದ್ರ ಡಬ್ಬದ ಮೇಲೂ ಅದೇ ಹಕ್ಕಿ ಫೋಟೊ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಕಾರಣ. ಫೀಡರ್ ಆರಿಸೋವಾಗ ಚೆಂದ ನೋಡ್ಬೇಡಿ, ಎಷ್ಟು ನೀರು ಹಿಡಿಯುತ್ತೆ ಅಂತನೂ ನೋಡ್ಬೇಡಿ, ತೊಳೆಯೋಕೆ ಎಷ್ಟು ಸುಲಭ ಅಂತ ನೋಡಿ. ಯಾಕಂದ್ರೆ ಬೇಸಿಗೆಲಿ ಎರಡು ದಿನಕ್ಕೊಮ್ಮೆ ಅದನ್ನ ತೊಳಿಬೇಕು, ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ದಿನಾ. ಬಿಚ್ಚಿ ತೊಳೆಯೋಕೆ ಕಷ್ಟ ಆದ್ರೆ ಮೂರನೇ ವಾರಕ್ಕೆ ನೀವು ನಾಳೆ ಮಾಡೋಣ ಬಿಡು ಅಂತೀರ, ಒಳಗಡೆ ಕಪ್ಪಗೆ ಬೂಷ್ಟು ಹಿಡಿಯುತ್ತೆ, ಆ ನೀರು ಕುಡಿದ ಹಕ್ಕಿಗೆ ಕಾಯಿಲೆ ಬರಬಹುದು. ಅಂಥ ಫೀಡರ್ ಇಡೋದಕ್ಕಿಂತ ಇಡದೇ ಇರೋದೇ ವಾಸಿ.

ಮೊದಲು ನಿಮ್ಮೂರಿಗೆ ಯಾವ ಹಕ್ಕಿ ಬರುತ್ತೆ ನೋಡ್ಕೊಳ್ಳಿ

ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳನ್ನ ಬಿಟ್ಟು ಇನ್ನೆಲ್ಲೂ ಇಲ್ಲ. ಬೆಂಗಳೂರಿಂದ ಯಾರಾದ್ರೂ ನಮ್ಮನೆ ದಾಸವಾಳಕ್ಕೂ ಹಮ್ಮಿಂಗ್‌ಬರ್ಡ್ ಬಂದಿದೆ ನೋಡು ಅಂತ ವಿಡಿಯೋ ಕಳಿಸ್ತಾರಲ್ಲ, ಅದು ಸೂರಕ್ಕಿ, ಬೇರೆ ವಂಶ, ಅದೂ ಮಕರಂದ ಕುಡಿಯುತ್ತೆ ಆದ್ರೆ ಹೆಚ್ಚಾಗಿ ಕೊಂಬೆ ಮೇಲೆ ಕೂತು ಕುಡಿಯುತ್ತೆ. ಜಗಳ ಆಡ್ಬೇಡಿ, ಚೆನ್ನಾಗಿದೆ ಅನ್ನಿ.

ಅಮೆರಿಕದಲ್ಲಿ ನೀವು ಪೂರ್ವದ ಕಡೆ ಇದ್ರೆ, ಅಂದ್ರೆ ನ್ಯೂಜೆರ್ಸಿ, ವರ್ಜೀನಿಯಾ, ಅಟ್ಲಾಂಟಾ, ಆ ಕಡೆ ಶಿಕಾಗೋ, ಗಡಿಯಾಚೆ ಟೊರಾಂಟೊ, ನಿಮಗೆ ಹೆಚ್ಚುಕಮ್ಮಿ ಒಂದೇ ಹಕ್ಕಿ, ರೂಬಿ-ಥ್ರೋಟೆಡ್. ತೂಕ ಸುಮಾರು 3 ಗ್ರಾಂ, ಸೆಕೆಂಡಿಗೆ 50 ಸಲ ಹತ್ತಿರ ರೆಕ್ಕೆ ಬಡಿಯುತ್ತೆ. ಚಳಿಗಾಲಕ್ಕೆ ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ ಹೋಗುತ್ತೆ, ಹೋಗೋವಾಗ ಬರೋವಾಗ ಎಷ್ಟೋ ಹಕ್ಕಿಗಳು ಗಲ್ಫ್ ಆಫ್ ಮೆಕ್ಸಿಕೋನ ಒಂದೇ ಉಸಿರಲ್ಲಿ ದಾಟ್ತವೆ, 800 ಕಿಲೋಮೀಟರ್ ಸಮುದ್ರ, ಮಧ್ಯದಲ್ಲಿ ಕೂರೋಕೆ ಜಾಗ ಇಲ್ಲ, ತಿನ್ನೋಕೆ ಏನೂ ಇಲ್ಲ. ನ್ಯೂಜೆರ್ಸಿ ಕಡೆಗೆ ಏಪ್ರಿಲ್ ಕೊನೆ ಹೊತ್ತಿಗೆ ಬರುತ್ತೆ, ಅಕ್ಟೋಬರ್ ಶುರುವಿನಷ್ಟರಲ್ಲಿ ಖಾಲಿ. ಹಾಗಾಗಿ ನಿಮ್ಮ ಫೀಡರಿಗೆ ಪೂರ್ತಿ ಆರು ತಿಂಗಳ ಕೆಲಸವೂ ಇಲ್ಲ.

ಪಶ್ಚಿಮದವರ ಕಥೆ ಬೇರೆ. ಬೇ ಏರಿಯಾ, ಲಾಸ್ ಏಂಜಲೀಸ್, ಪೋರ್ಟ್‌ಲ್ಯಾಂಡ್, ಸಿಯಾಟಲ್‌ನಲ್ಲಿ ಆನಾಸ್ ಹಮ್ಮಿಂಗ್‌ಬರ್ಡ್ ವರ್ಷವಿಡೀ ಇರುತ್ತೆ, ಜನವರಿ ಚಳಿಲೂ. ಇಪ್ಪತ್ತನೇ ಶತಮಾನದ ಶುರುವಿನ ತನಕ ಅದು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಮತ್ತೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಮರಿ ಮಾಡ್ತಿತ್ತಂತೆ, ಜನ ಹೊರಗಿನ ಗಿಡಮರ ತಂದು ನೆಟ್ರು, ಹೂವು ಸಿಗೋ ಕಾಲ ಉದ್ದ ಆಯ್ತು, ಫೀಡರುಗಳೂ ಬಂದ್ವು, ಇದು ಮೆಲ್ಲಗೆ ಉತ್ತರಕ್ಕೆ ಹತ್ಕೊಂಡು ಹೋಯ್ತು, ಈಗ ಕೆನಡಾದ ವ್ಯಾಂಕೂವರ್ ತಲುಪಿದೆ, 2017ರಲ್ಲಿ ಆ ಊರಿನವರು ಇದನ್ನೇ ತಮ್ಮ ನಗರದ ಹಕ್ಕಿ ಅಂತ ಆರಿಸ್ಕೊಂಡ್ರು. ಇನ್ನು ಡೆನ್ವರ್ ಕಡೆ ಬ್ರಾಡ್-ಟೇಲ್ಡ್, ಫೀನಿಕ್ಸ್‌ನಲ್ಲಿ ಆನಾಸ್ ಜೊತೆ ಕಾಸ್ಟಾಸ್, ಆಸ್ಟಿನ್ ಕಡೆ ರೂಬಿ-ಥ್ರೋಟೆಡ್ ಜೊತೆ ಬ್ಲ್ಯಾಕ್-ಚಿನ್ಡ್. ಸೌತ್ ಈಸ್ಟ್ ಅರಿಜೋನಾದವರ ಮೇಲೆ ನಮಗೆಲ್ಲ ಹೊಟ್ಟೆಕಿಚ್ಚು, ಅಲ್ಲಿ ಬರೋಷ್ಟು ಜಾತಿ ದೇಶದಲ್ಲಿ ಬೇರೆಲ್ಲೂ ಬರಲ್ಲ.

ಬಾಟ್ಲಿ ಫೀಡರ್

ಇದೇ ಎಲ್ಲಾ ಕಡೆ ಸಿಗೋದು. ಬಾಟ್ಲಿ ತಲೆಕೆಳಗು, ಕೆಳಗಡೆ ಕೆಂಪು ಬುಡ, ಅದರಲ್ಲಿ ಹೂವಿನ ಆಕಾರದ ತೂತುಗಳು. ಒಳಗಿನ ವ್ಯಾಕ್ಯೂಮಿನಿಂದ ನೀರು ನಿಂತಿರುತ್ತೆ, ಹಕ್ಕಿ ಕುಡಿದಂಗೆ ಒಂದು ಗುಳ್ಳೆ ಬುಳಕ್ ಅಂತ ಮೇಲೆ ಹೋಗುತ್ತೆ, ಮಕ್ಕಳಿಗೆ ಅದನ್ನ ನೋಡೋದೇ ಖುಷಿ. ನೀರು ಎಷ್ಟಿದೆ ಅಂತ ದೂರದಿಂದನೇ ಕಾಣುತ್ತೆ, ಅದೊಂದು ಅನುಕೂಲ. ತುಂಬಾ ಹಕ್ಕಿ ಬರೋ ಮನೆಗೆ, ದಿನಕ್ಕೆ ಒಂದು ಬಾಟ್ಲಿ ಖಾಲಿ ಆಗೋ ಕಡೆ, ಇದೇ ಸರಿ.

ತೊಂದರೆ ಏನಪ್ಪಾ ಅಂದ್ರೆ ಸೋರುತ್ತೆ. ಬಿಸಿಲು ಬಿದ್ರೆ ಬಾಟ್ಲಿಯೊಳಗಿನ ಗಾಳಿ ಹಿಗ್ಗುತ್ತೆ, ಹಿಗ್ಗಿದ ಗಾಳಿ ನೀರನ್ನ ಕೆಳಗೆ ದಬ್ಬುತ್ತೆ, ತೂತಿಂದ ಟಪ್ ಟಪ್ ಅಂತ ತೊಟ್ಟಿಕ್ಕುತ್ತೆ. ಅರ್ಧ ಖಾಲಿಯಾದ ಬಾಟ್ಲಿಲಿ ಗಾಳಿ ಜಾಸ್ತಿ, ಅದಕ್ಕೆ ಸೋರೋದೂ ಜಾಸ್ತಿ. ಕೆಳಗೆ ಪ್ಯಾಟಿಯೋ ಇದ್ರೆ ಅಂಟು, ಅಂಟಿಗೆ ಇರುವೆ, ಇರುವೆ ಹಿಂದೆ ಕಣಜ. ನೆರಳಲ್ಲಿ ನೇತುಹಾಕಿದ್ರೆ ಸುಮಾರಾಗಿ ಕಮ್ಮಿ ಆಗುತ್ತೆ. ತಗೊಳ್ಳೋದಾದ್ರೆ ಬಾಯಿ ಅಗಲ ಇರೋದನ್ನ ತಗೊಳ್ಳಿ, ಬ್ರಷ್ ಹಿಡಿದ ಕೈ ಒಳಗೆ ಹೋಗೋ ಹಂಗಿರಬೇಕು.

ಗಿಫ್ಟ್ ಶಾಪಲ್ಲಿ ಊದಿ ಮಾಡಿದ ಬಣ್ಣಬಣ್ಣದ ಗಾಜಿನ ಫೀಡರ್ ಇರುತ್ತಲ್ಲ, ರಬ್ಬರ್ ಬಿರಡೆ, ಸಣ್ಣ ನಳಿಕೆ, ತುದಿಲಿ ಕೆಂಪು ಮಣಿ, ಅದನ್ನ ಗೃಹಪ್ರವೇಶಕ್ಕೆ ಯಾರಾದ್ರೂ ಕೊಟ್ರೆ ಥ್ಯಾಂಕ್ಸ್ ಹೇಳಿ ಷೋಕೇಸಲ್ಲಿಡಿ. ಕುತ್ತಿಗೆ ಎಷ್ಟು ಸಣ್ಣ ಅಂದ್ರೆ ಯಾವ ಬ್ರಷ್ಷೂ ಹೋಗಲ್ಲ, ಒಳಗೇನಾಗಿದೆ ಅಂತ ಬಣ್ಣದ ಗಾಜಲ್ಲಿ ಕಾಣಲ್ಲ.

ತಟ್ಟೆ ಫೀಡರ್

ನನ್ನ ಓಟು ಇದಕ್ಕೆ. ಅಗಲವಾದ ಬಟ್ಟಲು, ಮೇಲೊಂದು ಕೆಂಪು ಮುಚ್ಚಳ, ಮುಚ್ಚಳದಲ್ಲಿ ಮೂರೋ ನಾಲ್ಕೋ ತೂತು, ಅಷ್ಟೇ. ನೀರು ತೂತಿನ ಕೆಳಗೆ ಸುಮ್ಮನೆ ನಿಂತಿರುತ್ತೆ, ವ್ಯಾಕ್ಯೂಮ್ ಗೀಕ್ಯೂಮ್ ಏನಿಲ್ಲ, ಹಾಗಾಗಿ ಸೋರಲ್ಲ, ಗಾಳಿಗೆ ಜೋರಾಗಿ ಓಲಾಡಿದ್ರೆ ಚೆಲ್ಲಬಹುದು ಅಷ್ಟೆ. ಮುಚ್ಚಳ ಎತ್ತಿದ್ರೆ ಎರಡು ಪೀಸ್, ಸಿಂಕಲ್ಲಿ ಕಾಫಿ ಲೋಟದ ಜೊತೆ ತೊಳೆದು ಮುಗಿಸಬಹುದು. ಆಸ್ಪೆಕ್ಟ್ಸ್ ಕಂಪನಿಯ ಹಮ್‌ಝಿಂಗರ್ ಈ ಥರದ್ದು, ನಡುವಲ್ಲೇ ಇರುವೆ ತಡೆಯೋ ನೀರಿನ ಗುಳಿ ಇರುತ್ತೆ, ಬೇರೆ ಕಂಪನಿಯವೂ ಸಿಗ್ತವೆ, ಬ್ರ್ಯಾಂಡಿಗಿಂತ ವಿನ್ಯಾಸ ನೋಡಿ.

ಇನ್ನೊಂದು ಲಾಭ, ಜೇನುಹುಳಕ್ಕೆ ನೀರು ಎಟುಕಲ್ಲ. ಮುಚ್ಚಳಕ್ಕೂ ನೀರಿಗೂ ಮಧ್ಯೆ ಸ್ವಲ್ಪ ಅಂತರ ಇರುತ್ತೆ, ಹುಳದ ನಾಲಿಗೆ ಅಷ್ಟುದ್ದ ಇಲ್ಲ, ಹಮ್ಮಿಂಗ್‌ಬರ್ಡಿಂದು ಕೊಕ್ಕು ದಾಟಿ ಆಚೆ ಚಾಚುತ್ತೆ. ಆ ನಾಲಿಗೆ ವಿಷಯ ಇಲ್ಲೇ ಹೇಳ್ಬಿಡ್ತೀನಿ, ನನಗಿಷ್ಟವಾದ ಸಂಗತಿ. ಸಣ್ಣ ಕೊಳವೆಲಿ ನೀರು ತಾನಾಗೇ ಏರುತ್ತಲ್ಲ, ಹಮ್ಮಿಂಗ್‌ಬರ್ಡ್ ನಾಲಿಗೆನೂ ಹಂಗೇ ಅಂತ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅಂದ್ಕೊಂಡಿದ್ರು. 2011ರಲ್ಲಿ ಕನೆಕ್ಟಿಕಟ್ ಯೂನಿವರ್ಸಿಟಿಯ ಅಲೆಹಾಂಡ್ರೊ ರೀಕೊ-ಗೆವಾರಾ ಮತ್ತೆ ಮಾರ್ಗರೆಟ್ ರುಬೇಗಾ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದ್ರೆ ಕಥೆನೇ ಬೇರೆ, ನಾಲಿಗೆ ತುದಿ ಎರಡಾಗಿ ಸೀಳಿದೆ, ಅಂಚಲ್ಲಿ ಸಣ್ಣ ಜಾಲರಿ ಥರ ಇದೆ, ಮಕರಂದಕ್ಕೆ ಮುಟ್ಟಿದ ತಕ್ಷಣ ಅದು ಬಿಚ್ಕೊಳ್ಳುತ್ತೆ, ಹೊರಗೆಳೆಯೋವಾಗ ಮಡಚ್ಕೊಂಡು ನೀರನ್ನ ಒಳಗೇ ಹಿಡಿದುಬಿಡುತ್ತೆ. ಇದೆಲ್ಲ ಸೆಕೆಂಡಿಗೆ ಹತ್ತು ಹದಿನೈದು ಸಲ. ತಟ್ಟೆ ಫೀಡರ್ ಪಾರದರ್ಶಕ ಇದ್ದು ಕಣ್ಣೆತ್ತರಕ್ಕೆ ನೇತುಹಾಕಿದ್ರೆ ಆ ನಾಲಿಗೆ ನೀರೊಳಗೆ ಬಿಳಿ ದಾರದಂಗೆ ಓಡಾಡೋದು ಕಾಣುತ್ತೆ, ಬಾಟ್ಲಿ ಫೀಡರಲ್ಲಿ ಇದು ಸಿಗಲ್ಲ.

ಕೊರತೆ ಅಂದ್ರೆ ನೀರು ಹಿಡಿಯೋದು ಕಮ್ಮಿ. ಅದು ಕೊರತೆ ಅಂತ ನನಗನ್ಸಲ್ಲ. 30 ಔನ್ಸಿನ ಫೀಡರ್ ತಂದು ತುಂಬಿಸಿ ಎರಡು ಹಕ್ಕಿ ಬಂದ್ರೆ ಮುಕ್ಕಾಲು ಭಾಗ ಹುಳಿಯಾಗಿ ಚೆಲ್ಲೋದೇ. 8 ಔನ್ಸು ಸಾಕು, ಅದನ್ನೂ ಮೊದಲ ವಾರ ಅರ್ಧಕ್ಕೆ ತುಂಬಿ, ಎಷ್ಟು ಖಾಲಿ ಆಗುತ್ತೆ ನೋಡ್ಕೊಂಡು ಜಾಸ್ತಿ ಮಾಡಿ.

ಕೂರೋಕೆ ಕಂಬಿ ಇರೋದೋ ಇಲ್ಲದ್ದೋ ಅಂತ ಕೇಳ್ತಾರೆ. ಇರೋದೇ ತಗೊಳ್ಳಿ. ಗಾಳಿಲಿ ನಿಂತು ಕುಡಿಯೋಕೆ ಹಕ್ಕಿಗೆ ಸಿಕ್ಕಾಪಟ್ಟೆ ಶಕ್ತಿ ಬೇಕು, ಕೂತು ಕುಡಿದ್ರೆ ಅದಕ್ಕೂ ಆರಾಮು, ನಮಗೂ ನೋಡೋಕೆ ಟೈಮ್ ಸಿಗುತ್ತೆ.

ಕಿಟಕಿಗೆ ಅಂಟಿಸೋದು

ಅಪಾರ್ಟ್‌ಮೆಂಟಲ್ಲಿರೋರಿಗೆ, ಬ್ಯಾಕ್‌ಯಾರ್ಡೇ ಇಲ್ಲದವರಿಗೆ ಇದು ಒಳ್ಳೇದು. ಸಕ್ಷನ್ ಕಪ್ಪಿಂದ ಗಾಜಿಗೆ ಅಂಟ್ಕೊಳ್ಳೋ ಪುಟ್ಟ ಫೀಡರ್. ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರ್ತಾರಲ್ಲ, ಮಕ್ಕಳು ಸ್ಕೂಲಿಗೆ ನಾವು ಆಫೀಸಿಗೆ ಹೋದ್ಮೇಲೆ ಅವರಿಗೆ ಇದಕ್ಕಿಂತ ಒಳ್ಳೆ ಟೈಂಪಾಸ್ ಇಲ್ಲ, ಒಂದು ಮೊಳ ದೂರದಲ್ಲಿ ಹಕ್ಕಿ ಬಂದು ಕೂರುತ್ತೆ. ಗಂಡಿನ ಕುತ್ತಿಗೆ ಮೊದಲು ಕಪ್ಪಗೆ ಕಾಣುತ್ತೆ, ತಲೆ ಸ್ವಲ್ಪ ತಿರುಗಿಸಿದ ಕೂಡಲೇ ಕೆಂಡದ ಹಂಗೆ ಹೊತ್ಕೊಳ್ಳುತ್ತೆ, ಮತ್ತೆ ತಿರುಗಿಸಿದ್ರೆ ಕಪ್ಪು. ಆ ಬಣ್ಣ ಗರಿಯೊಳಗಿನ ಸೂಕ್ಷ್ಮ ಪದರಗಳಿಗೆ ಬೆಳಕು ಬಡಿದು ಹುಟ್ಟೋದು, ಹಾಗಾಗಿ ಕೋನ ಬದಲಾದ್ರೆ ಬಣ್ಣ ಮಾಯ. ದೂರದ ಫೀಡರಲ್ಲಿ ಇದನ್ನ ನೋಡೋಕೆ ಬೈನಾಕ್ಯುಲರ್ ಬೇಕು.

ಗಾಜಿಗೆ ಬಡ್ಕೊಂಡು ಸಾಯಲ್ವಾ ಅಂತ ಭಯ ಸಹಜ. ಗಾಜಿಗೆ ತೀರಾ ಹತ್ತಿರ, ಅಂದ್ರೆ 3 ಅಡಿ ಒಳಗೆ ಇದ್ರೆ ಹೊರಟ ಹಕ್ಕಿಗೆ ಜೋರು ವೇಗ ಬಂದಿರಲ್ಲ, ತಗಲಿದ್ರೂ ಪೆಟ್ಟು ಕಮ್ಮಿ. ಇಲ್ಲಾಂದ್ರೆ 30 ಅಡಿಗಿಂತ ದೂರ. ನಡುವಿನ ದೂರನೇ ಅಪಾಯ, ನಾವು ಸಾಮಾನ್ಯವಾಗಿ ಫೀಡರ್ ಹಾಕೋದೂ ಅಲ್ಲೇ. ಚಳಿ ಬಂದಾಗ ಸಕ್ಷನ್ ಕಪ್ ಬಿಟ್ಕೊಂಡು ಬೀಳುತ್ತೆ, ಗಾಜನ್ನ ಚೆನ್ನಾಗಿ ಒರೆಸಿ, ಕಪ್ಪನ್ನ ಬಿಸಿನೀರಲ್ಲಿ ಅದ್ದಿ ಒತ್ತಿದ್ರೆ ಸುಮಾರು ದಿನ ನಿಲ್ಲುತ್ತೆ.

ಸಕ್ಕರೆ ನೀರು: ಮನೇದಾ, ಅಂಗಡೀದಾ

ಇದರಲ್ಲಿ ಹೋಲಿಸೋಕೆ ಏನಿದೆ ಹೇಳಿ. ಅಂಗಡಿಲಿ ಬಾಟ್ಲಿಲಿ ಮಾರೋ ಕೆಂಪು ನೆಕ್ಟರ್ ಅಂದ್ರೆ ಬಹುಪಾಲು ಸಕ್ಕರೆ, ನೀರು, ಬಣ್ಣ. ಮನೇಲಿ ಕಾಲು ಕಪ್ ಬಿಳಿ ಸಕ್ಕರೆಗೆ ಒಂದು ಕಪ್ ನೀರು, ಒಂದಕ್ಕೆ ನಾಲ್ಕು, ಕರಗೋ ತನಕ ಕಲಸಿ, ಬಿಸಿ ಮಾಡಿದ್ರೆ ಬೇಗ ಕರಗುತ್ತೆ, ಆರಿದ ಮೇಲೆ ಹಾಕಿ. ಉಳಿದಿದ್ದು ಫ್ರಿಜ್ಜಲ್ಲಿ ಒಂದು ವಾರ ಧಾರಾಳವಾಗಿ ಇರುತ್ತೆ. ಕೆಂಪು ಬಣ್ಣ ಬೇಡವೇ ಬೇಡ, ಫೀಡರೇ ಕೆಂಪಿರುತ್ತಲ್ಲ, ಹಕ್ಕಿಗೆ ಅದು ಸಾಕು.

ಈಗ ನಮ್ಮವರಿಗೆ ಅಂತನೇ ಹೇಳೋ ಮಾತು. ಬಿಳಿ ಸಕ್ಕರೆ ಒಳ್ಳೇದಲ್ಲ, ಪಾಪ ಹಕ್ಕಿಗೆ ಒಂಚೂರು ಬೆಲ್ಲ ಹಾಕೋಣ, ಜೇನುತುಪ್ಪ ಹಾಕೋಣ ಅಂತ ಅಮ್ಮಂದಿರು ಅಂದೇ ಅಂತಾರೆ. ಬೇಡಮ್ಮ. ಬೆಲ್ಲದಲ್ಲಿ, ಬ್ರೌನ್ ಶುಗರಲ್ಲಿ, ಆರ್ಗ್ಯಾನಿಕ್ ಅಂತ ಬರೋ ಕಂದು ಸಕ್ಕರೆಲಿ ಕಬ್ಬಿಣದ ಅಂಶ ಇರುತ್ತೆ, ನಮಗೆ ಒಳ್ಳೇದು, ಈ ಹಕ್ಕಿ ಮೈಲಿ ಅದು ಶೇಖರ ಆಗಿ ವಿಷ ಆಗುತ್ತೆ. ಜೇನು ನೀರಿಗೆ ಬಿದ್ರೆ ಬೇಗ ಹುದುಗಿ ಫಂಗಸ್ ಬೆಳೆಯುತ್ತೆ. ಡಯಟ್ ಸಕ್ಕರೆಲಿ ಶಕ್ತಿನೇ ಇಲ್ಲ, ಅದನ್ನ ಕುಡಿದ ಹಕ್ಕಿ ಉಪವಾಸ ಇದ್ದಂಗೆ. ದಪ್ಪ ಪಾಕ ಮಾಡಿದ್ರೆ ಜಾಸ್ತಿ ಇಷ್ಟಪಡುತ್ತೆ ಅನ್ನೋದೂ ಬೇಡ, ಹಕ್ಕಿಗಳಿಗೆ ಇಷ್ಟವಾಗೋ ಹೂಗಳಲ್ಲಿ ಇರೋ ಮಕರಂದ ಹೆಚ್ಚುಕಮ್ಮಿ ಒಂದಕ್ಕೆ ನಾಲ್ಕರ ಹತ್ತಿರನೇ ಇರುತ್ತೆ.

ತೊಳೆಯೋಕೆ ಬಿಸಿನೀರು, ಬಾಟ್ಲಿ ಬ್ರಷ್ಷು, ಕಲೆ ಇದ್ರೆ ಸ್ವಲ್ಪ ಬಿಳಿ ವಿನೆಗರ್. ಸೋಪು ಹಾಕಿದ್ರೆ ಎರಡು ಮೂರು ನೀರಲ್ಲಿ ಜಾಲಿಸಿ. ತೂತುಗಳ ಒಳಗೆ ಹಲ್ಲುಜ್ಜೋ ಹಳೇ ಬ್ರಷ್ ಹಾಕಿ ಉಜ್ಜಿ, ಬೂಷ್ಟು ಶುರುವಾಗೋದೇ ಅಲ್ಲಿ.

ಇರುವೆ, ಕಣಜ, ಕರಡಿ

ಇರುವೆಗೆ ಔಷಧಿ ಹೊಡಿಬೇಡಿ. ಹಬ್ಬದ ದಿನ ಸಿಹಿ ಪಾತ್ರೆನ ನೀರು ತುಂಬಿದ ತಟ್ಟೆಲಿ ಇಡ್ತಿದ್ರಲ್ಲ ಅಜ್ಜಿ, ಅದೇ ಉಪಾಯ, ಫೀಡರ್ ಮೇಲೆ ಕೊಕ್ಕೆ ಜೊತೆಗೆ ಪುಟ್ಟ ಬಟ್ಟಲು ಸಿಗುತ್ತೆ, ಅದಕ್ಕೆ ಬರೀ ನೀರು ಹಾಕಿ. ತಂತಿಗೆ ಎಣ್ಣೆ, ವ್ಯಾಸಲೀನ್ ಸವರಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಗರಿಗೆ ಅಂಟಿದ್ರೆ ಹಕ್ಕಿ ತೆಗೆಯೋಕಾಗಲ್ಲ. ಕಣಜ ಜಾಸ್ತಿ ಇದ್ರೆ ಹಳದಿ ಹೂವಿನ ಅಲಂಕಾರ ಇರೋ ಫೀಡರ್ ಬೇಡ, ಹಳದಿ ಅವನ್ನ ಕರೆಯುತ್ತೆ. ಪ್ರೇಯಿಂಗ್ ಮ್ಯಾಂಟಿಸ್ ಅನ್ನೋ ದೊಡ್ಡ ಬೇಟೆಗಾರ ಹುಳ ಫೀಡರ್ ಮೇಲೆ ಕೂತಿದ್ರೆ ಎತ್ತಿ ದೂರದ ಗಿಡದಲ್ಲಿ ಬಿಡಿ, ತಮಾಷೆ ಅಲ್ಲ, ಅದು ಹಮ್ಮಿಂಗ್‌ಬರ್ಡನ್ನ ಹಿಡಿದು ತಿನ್ನುತ್ತೆ. ನ್ಯೂಜೆರ್ಸಿಯ ಉತ್ತರದ ಕಡೆ ಕರಿಕರಡಿ ಓಡಾಡೋ ಏರಿಯಾ ಆದ್ರೆ ರಾತ್ರಿ ಫೀಡರ್ ಒಳಗೆ ತಂದಿಡಿ.

ಒಂದು ದೊಡ್ಡದಾ, ಎರಡು ಚಿಕ್ಕದಾ

ಎರಡು ಚಿಕ್ಕದು. ಈ ಹಕ್ಕಿ ಕಾಣೋಕೆ ಇಷ್ಟೇ ಇಷ್ಟು, ಬುದ್ಧಿ ಮಾತ್ರ ಪಾಳೇಗಾರನದ್ದು. ಒಂದು ಗಂಡು ಪಕ್ಕದ ಕೊಂಬೆ ಮೇಲೆ ಕೂತು ಇಡೀ ಫೀಡರ್ ತನ್ನದು ಅಂತ ಕಾಯುತ್ತೆ, ಬೇರೆ ಯಾರೇ ಬಂದ್ರೂ ಅಟ್ಟಿಸ್ಕೊಂಡು ಹೋಗುತ್ತೆ, ನಿಮ್ಮ ಫೀಡರಲ್ಲಿ ಆರು ತೂತಿದ್ರೂ ಕುಡಿಯೋದು ಒಂದೇ. ರೂಫಸ್ ಅಂತ ಒಂದಿದೆ, ಅಲಾಸ್ಕಾ ತನಕ ಹೋಗಿ ಬರೋ ಜಾತಿ, ಅದು ಬಂತಂದ್ರೆ ತನಗಿಂತ ದೊಡ್ಡವನ್ನೂ ಓಡಿಸುತ್ತೆ. ಅದಕ್ಕೇ ಒಂದರಿಂದ ಇನ್ನೊಂದು ಕಾಣದಂಗೆ ಮನೆ ಮುಂದೊಂದು ಹಿಂದೊಂದು ಹಾಕಿ, ಎರಡೂ ಕಡೆ ಕಾವಲು ಕಾಯೋಕೆ ಅದರ ಕೈಲೂ ಆಗಲ್ಲ.

ಫೀಡರಾ, ಗಿಡನಾ

ಜಾಗ ಇದ್ರೆ ಎರಡೂ, ಒಂದನ್ನೇ ಆರಿಸು ಅಂದ್ರೆ ಗಿಡ. ಗಿಡವನ್ನ ಎರಡು ದಿನಕ್ಕೊಮ್ಮೆ ತೊಳಿಯೋದು ಬೇಡ, ಜೊತೆಗೆ ಸಕ್ಕರೆ ನೀರಲ್ಲಿ ಇಲ್ಲದ್ದು ಅಲ್ಲಿ ಸಿಗುತ್ತೆ, ಹುಳ. ಹಮ್ಮಿಂಗ್‌ಬರ್ಡ್ ಬರೀ ಸಿಹಿ ಕುಡಿದು ಬದುಕಲ್ಲ, ಸೊಳ್ಳೆ, ನುಸಿ, ಸಣ್ಣ ಜೇಡ ಎಲ್ಲ ಹಿಡಿದು ತಿನ್ನುತ್ತೆ, ಮರಿಗಂತೂ ಹುಳ ಬೇಕೇ ಬೇಕು. ಗೂಡು ಕಟ್ಟೋಕೂ ಜೇಡರ ಬಲೆ ಬೇಕು, ಆ ನೂಲಿಂದ ಹತ್ತಿಯಂಥ ನಾರು, ಪಾಚಿ ಎಲ್ಲ ಸೇರಿಸಿ ಕಟ್ಟಿದ ಗೂಡು ಮರಿ ಬೆಳೆದಂಗೆ ಹಿಗ್ಗುತ್ತೆ. ಹಾಗಾಗಿ ಲಾನಿಗೆ ಕೀಟನಾಶಕ ಹೊಡೆಸ್ತಾ ಫೀಡರ್ ನೇತುಹಾಕೋದು ಅರ್ಥ ಇಲ್ಲದ ಕೆಲಸ.

ಪೂರ್ವದವರಿಗೆ ಟ್ರಂಪೆಟ್ ಹನಿಸಕಲ್ ಬಳ್ಳಿ, ಬೀ ಬಾಮ್, ಕಾರ್ಡಿನಲ್ ಫ್ಲವರ್. ಜಪಾನೀಸ್ ಹನಿಸಕಲ್ ಅಂತ ಬೇರೆ ಇದೆ, ಅದು ಕಾಡೆಲ್ಲ ಹಬ್ಬಿ ಬೇರೆ ಗಿಡ ಸಾಯಿಸುತ್ತೆ, ಹೆಸರು ನೋಡಿ ತಗೊಳ್ಳಿ. ಕ್ಯಾಲಿಫೋರ್ನಿಯಾದವರಿಗೆ ಕ್ಯಾಲಿಫೋರ್ನಿಯಾ ಫ್ಯೂಶಿಯಾ, ಹಮ್ಮಿಂಗ್‌ಬರ್ಡ್ ಸೇಜ್, ಎರಡೂ ಅಲ್ಲಿನ ನೆಲದವೇ, ನೀರು ಜಾಸ್ತಿ ಕೇಳಲ್ಲ, ಬರಗಾಲದ ವರ್ಷ ನೀರಿನ ಬಿಲ್ ನೋಡಿ ಗಾಬರಿ ಆಗೋದು ತಪ್ಪುತ್ತೆ. ಬಾಲ್ಕನಿ ಇದ್ರೆ ಒಂದು ಕುಂಡದಲ್ಲಿ ಕೆಂಪು ಸಾಲ್ವಿಯಾ ಇಡಿ.

ನೋಡೋದು ಹೇಗೆ: ಕ್ಯಾಮೆರಾ ಫೀಡರಾ, ಫೋನಾ

ಎಐ ಕ್ಯಾಮೆರಾ ಇರೋ ಫೀಡರ್ ಈಗಿನ ಫ್ಯಾಷನ್. ಹಕ್ಕಿ ಬಂದ್ರೆ ಫೋನಿಗೆ ನೋಟಿಫಿಕೇಶನ್, ಜಾತಿ ಹೆಸರೂ ಹೇಳುತ್ತೆ. ಆಫೀಸಲ್ಲಿ ಕೂತು ನೋಡೋರಿಗೆ ಸರಿ. ಪೂರ್ವದವರು ಜಾತಿ ಹೆಸರಿಗೆ ಅಂತ ದುಡ್ಡು ಕೊಡೋದು ಯಾಕೆ ಅಂತ ನಂಗೆ ಅರ್ಥ ಆಗಲ್ಲ, ಇರೋದೇ ಒಂದು ಜಾತಿ. ಕೆಲವಕ್ಕೆ ಸಬ್‌ಸ್ಕ್ರಿಪ್ಷನ್ ಕೇಳ್ತಾರೆ, ಕೊಳ್ಳೋ ಮುಂಚೆ ಅದನ್ನ ನೋಡಿ, ಬ್ಯಾಕ್‌ಯಾರ್ಡ್ ತನಕ ವೈಫೈ ಸಿಗುತ್ತಾ ನೋಡಿ, ಎಲ್ಲಕ್ಕಿಂತ ಮೊದಲು ನೀರಿನ ಭಾಗ ಕ್ಯಾಮೆರಾದಿಂದ ಬೇರೆಯಾಗಿ ಬಿಚ್ಚಿ ಬರುತ್ತಾ ನೋಡಿ.

ನಿಮ್ಮ ಜೇಬಲ್ಲಿರೋ ಫೋನೇ ಸಾಕಾಗುತ್ತೆ. ಸ್ಲೋ-ಮೋಷನ್ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು, ಫೀಡರ್ ಹತ್ತಿರ ಸ್ಟ್ಯಾಂಡಲ್ಲಿ ನಿಲ್ಲಿಸಿ, ದೂರ ಬಂದುಬಿಡಿ. ಸೆಕೆಂಡಿಗೆ 50 ಬಡಿತ ಅಂದ್ರೆ ಒಂದು ಬಡಿತಕ್ಕೆ ನಾಲ್ಕೈದು ಫ್ರೇಮ್ ಸಿಗುತ್ತೆ, ರೆಕ್ಕೆ ಮೇಲೆ ಕೆಳಗೆ ಅಲ್ಲ, ಮುಂದೆ ಹಿಂದೆ ಎಂಟರ ಆಕಾರದಲ್ಲಿ ತಿರುಗೋದು ಕಾಣುತ್ತೆ. ಬೈನಾಕ್ಯುಲರ್ ತಗೊಳ್ಳೋದಾದ್ರೆ 8x42, ಅಂದ್ರೆ ಎಂಟು ಪಟ್ಟು ಹತ್ತಿರ ತೋರಿಸೋ, 42 ಮಿಲಿಮೀಟರ್ ಲೆನ್ಸಿಂದು, ಎರಡು ಮೀಟರ್ ಹತ್ತಿರಕ್ಕೂ ಫೋಕಸ್ ಆಗೋದು.

ಆನಾಸ್ ಇರೋ ಊರಲ್ಲಿ ಫೀಡರ್ ಬಿಟ್ಟು ಆಕಾಶನೂ ನೋಡಿ. ಚಳಿಗಾಲ ಮುಗಿಯೋ ಹೊತ್ತಿಗೆ ಗಂಡು ನೂರಡಿ ಮೇಲಕ್ಕೆ ಹೋಗಿ ಹೆಣ್ಣಿನ ಮುಂದೆ ಕಲ್ಲು ಬಿದ್ದಂಗೆ ಇಳಿದು, ಕೊನೇಲಿ ಚಿರ್ ಅಂತ ಒಂದು ಶಬ್ದ ಮಾಡುತ್ತೆ. ಅದು ಗಂಟಲಿನ ಸದ್ದಲ್ಲ, ಬಾಲದ ಗರಿ ಗಾಳಿಗೆ ಅದುರಿ ಬರೋದು, 2008ರಲ್ಲಿ ಬರ್ಕ್ಲಿಯ ಇಬ್ಬರು ಸಂಶೋಧಕರು ತೋರಿಸಿಕೊಟ್ರು.

ಊರಿಗೆ ಹೋಗೋವಾಗ

ಅಕ್ಟೋಬರಲ್ಲೂ ಫೀಡರ್ ಇಟ್ರೆ ಹಕ್ಕಿ ವಲಸೆ ಹೋಗದೇ ಉಳ್ಕೊಂಡು ಚಳಿಗೆ ಸಾಯುತ್ತೆ ಅನ್ನೋ ಮಾತಿದೆ, ಅದು ಸುಳ್ಳು. ಹಗಲು ಚಿಕ್ಕದಾಗ್ತಿದ್ದಂಗೆ ಅದಕ್ಕೆ ಹೊರಡೋ ಟೈಮ್ ಗೊತ್ತಾಗುತ್ತೆ, ನಿಮ್ಮ ಸಕ್ಕರೆ ನೀರು ಅದನ್ನ ತಡೆಯಲ್ಲ. ಕೊನೇ ಹಕ್ಕಿ ಕಂಡ ಮೇಲೂ ಎರಡು ವಾರ ಇಟ್ಟಿರಿ, ಉತ್ತರದಿಂದ ತಡವಾಗಿ ಬರೋವಕ್ಕೆ ದಾರಿ ಖರ್ಚಿಗಾಗುತ್ತೆ.

ಡಿಸೆಂಬರಲ್ಲಿ ನಾಲ್ಕು ವಾರ ಇಂಡಿಯಾಗೆ ಹೋಗೋ ಪೂರ್ವದವರಿಗೆ ಯೋಚನೆನೇ ಇಲ್ಲ, ಆಗ ಹಕ್ಕಿ ಇರಲ್ಲ. ಪಶ್ಚಿಮದವರು ಪಕ್ಕದ ಮನೆಯವರು ಒಪ್ಪಿದ್ರೆ ಅವರ ಕೈಗೆ ಕೊಟ್ಟು ಹೋಗಿ, ಯಾರೂ ಸಿಗದಿದ್ರೆ ತೊಳೆದು ಒಳಗಿಡಿ, ಹಳಸಿದ ನೀರು ನೇತಾಡೋದು ಬೇಡ. ಹಕ್ಕಿಗೆ ನಿಮ್ಮದೊಂದೇ ಮನೆ ಅಲ್ಲ, ದಿನಾ ಸುತ್ತೋ ಹೂವು, ಫೀಡರು ಬೇರೆ ಇರ್ತವೆ.

ಸಿಯಾಟಲ್ ಕಡೆಯವರು ಮಾತ್ರ ಹಿಮ ಬೀಳೋ ವಾರ ಊರಲ್ಲಿದ್ರೆ ಸ್ವಲ್ಪ ಎಚ್ಚರ. ಸಕ್ಕರೆ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿಗಿಂತ ಸ್ವಲ್ಪ ಕೆಳಗೆ ಹೋದ್ರೆ ಗಟ್ಟಿಯಾಗುತ್ತೆ. ಚಳಿ ರಾತ್ರಿಲಿ ಈ ಹಕ್ಕಿ ಮೈ ಶಾಖ ಇಳಿಸ್ಕೊಂಡು ಮರಗಟ್ಟಿದಂಗೆ ಕೂತಿರುತ್ತೆ, ಎದೆಬಡಿತನೂ ತೀರಾ ಕಮ್ಮಿ ಮಾಡ್ಕೊಂಡಿರುತ್ತೆ, ಬೆಳಗ್ಗೆ ಎದ್ದ ತಕ್ಷಣ ಹೊಟ್ಟೆಗೆ ಬೇಕು. ಹಂಗಾಗಿ ಎರಡು ಫೀಡರ್ ಇಟ್ಕೊಂಡು ರಾತ್ರಿ ಒಳಗೆ ತಂದು, ಬೆಳಕು ಹರಿಯೋ ಮುಂಚೆ ಒಂದನ್ನ ಹೊರಗೆ ಹಾಕಿ, ಅದು ಗಟ್ಟಿಯಾಗ್ತಿದ್ರೆ ಒಳಗಿರೋ ಇನ್ನೊಂದನ್ನ ಬದಲಾಯಿಸಿ. ಬಿಸಿನೀರಿಗೆ ಸಕ್ಕರೆ ಜಾಸ್ತಿ ಸುರಿದು ಗಟ್ಟಿಯಾಗದಂಗೆ ಮಾಡೋಕೆ ಹೋಗ್ಬೇಡಿ, ಅದೇ ಒಂದಕ್ಕೆ ನಾಲ್ಕು.